ಒರಟು ಕಾಂಕ್ರೀಟ್ ಅಂಗಳ, ಸವೆದ ಪಾದ: ದೋಷ ಎಲ್ಲಿದೆ ಅಂತ ಹುಡುಕಿ ಕಡಿಮೆ ಖರ್ಚಲ್ಲಿ ಸರಿಮಾಡುವುದು

ಫೆಬ್ರವರಿಯ ಒಂದು ಬೆಳಿಗ್ಗೆ ಜಗುಲಿ ಗುಡಿಸಲು ಹೋದೆ. ನೆಲದ ಮೇಲೆ ಅಲ್ಲಲ್ಲಿ ಕೆಂಪು ಚುಕ್ಕೆ. ಕುಂಕುಮ ಚೆಲ್ಲಿದೆ ಅಂದುಕೊಂಡೆ. ಬಗ್ಗಿ ನೋಡಿದರೆ ರಕ್ತ. ಚುಕ್ಕೆಗಳ ಹಿಂದೆಯೇ ಹೋದರೆ ಕೊನೆಯಲ್ಲಿ ಸಿಕ್ಕಿದ್ದು ನಮ್ಮ ನಾಯಿ ಕರಿಯ. ನೀರಿನ ತೊಟ್ಟಿಯ ಪಕ್ಕ ಕೂತು ಮುಂಗಾಲು ನೆಕ್ಕುತ್ತಿದ್ದ.

ನಮ್ಮ ಮನೆ ತುಮಕೂರಿನ ಹೊರಗಡೆ, 40-60 ಸೈಟಿನಲ್ಲಿದೆ. ಮನೆ ಬಿಟ್ಟು ಉಳಿದದ್ದು ಸುಮಾರು 900 ಚದರ ಅಡಿ ಅಂಗಳ. ನಾವು ಕೊಳ್ಳುವ ಮುಂಚೆಯೇ ಅದಕ್ಕೆಲ್ಲ ಕಾಂಕ್ರೀಟ್ ಹಾಕಿದ್ದರು. ಕಾರು ಜಾರಬಾರದು ಅಂತ ಹಸಿ ಇದ್ದಾಗಲೇ ಮೇಲೆ ಪೊರಕೆ ಎಳೆದು ಗೀರು ಮಾಡಿದ್ದಾರೆ. ಚಪ್ಪಲಿ ಹಾಕಿ ಓಡಾಡುವವರಿಗೆ ಅದು ಗೊತ್ತೇ ಆಗುವುದಿಲ್ಲ. ಬರಿಗಾಲಲ್ಲಿ ಬಟ್ಟೆ ಒಣಹಾಕಲು ಹೋದರೆ ಗೊತ್ತಾಗುತ್ತದೆ.

ಮೇಸ್ತ್ರಿಯನ್ನು ಕರೆಸಿದೆ. ಅವರು ಅಂಗಳವನ್ನು ಒಂದು ಸುತ್ತು ಹಾಕಿ, "ಅಕ್ಕಾ, ಪೂರ್ತಿ ಅರ್ಧ ಇಂಚು ಗಾರೆ ಎಳೆದುಬಿಡ್ತೀನಿ. ಕನ್ನಡಿ ತರ ಆಗುತ್ತೆ, ಮುಖ ನೋಡ್ಕೋಬೋದು" ಅಂದರು. ಲೆಕ್ಕ ಹಾಕಿದರೆ 40 ಸಾವಿರದ ಹತ್ತಿರ ಬಂತು. ಅಷ್ಟು ದುಡ್ಡು ಇರಲಿಲ್ಲ, ಅದೇ ಒಳ್ಳೆಯದಾಯಿತು. ಯಾಕೆಂದರೆ ಆಮೇಲೆ ಕೂತು ನೋಡಿದಾಗ ತೊಂದರೆ ಕೊಡುತ್ತಿದ್ದದ್ದು 900 ಚದರ ಅಡಿ ಅಲ್ಲ, ಬರೀ 35. ಕೊನೆಗೆ ಆದ ಖರ್ಚು ಎರಡೂವರೆ ಸಾವಿರ ದಾಟಲಿಲ್ಲ.

ಹಾಗಾಗಿ ಗಾರೆ, ಮ್ಯಾಟು ಅಂತ ಅಂಗಡಿಗೆ ಓಡುವ ಮುಂಚೆ ಎರಡು ಮೂರು ದಿನ ಹುಡುಕಾಟಕ್ಕೆ ಕೊಡಿ.

ಮೊದಲು ಪಾದ, ಆಮೇಲೆ ನೆಲ

ನಾಯಿ ಕಾಲು ನೆಕ್ಕಿದ ಮಾತ್ರಕ್ಕೆ ತಪ್ಪು ಕಾಂಕ್ರೀಟಿನದು ಅಂತ ಹೇಳಲಾಗದು. ಊಟ ಆದ ಮೇಲೆ, ಅದು ಆರಾಮಾಗಿ ಮಲಗಿದಾಗ ಪಕ್ಕದಲ್ಲಿ ಕೂರಿ. ಒಂದು ಟಾರ್ಚ್ ಇರಲಿ, ಒಂದು ಚಪಾತಿ ತುಂಡು ಇರಲಿ. ನಾಲ್ಕೂ ಪಾದ ನೋಡಬೇಕು, ನೋಯುವುದನ್ನು ಮಾತ್ರ ಅಲ್ಲ.

ಪ್ರತಿ ಪಾದದಲ್ಲೂ ನಾಲ್ಕು ಬೆರಳಿಗೆ ನಾಲ್ಕು ಸಣ್ಣ ಮೆತ್ತೆ, ನಡುವೆ ಒಂದು ದೊಡ್ಡ ಮೆತ್ತೆ ಇರುತ್ತದೆ. ಮುಂಗಾಲಲ್ಲಿ ಇನ್ನೊಂದು ಇದೆ. ತುಂಬಾ ಜನ ಅದನ್ನು ಗಮನಿಸುವುದೇ ಇಲ್ಲ. ಮಣಿಕಟ್ಟಿನ ಹಿಂಭಾಗದಲ್ಲಿ, ಸ್ವಲ್ಪ ಮೇಲೆ, ಗಂಟಿನ ಹಾಗೆ ಅಂಟಿಕೊಂಡಿರುತ್ತದೆ. ನಾಯಿ ನಿಂತಾಗ, ನಿಧಾನವಾಗಿ ನಡೆಯುವಾಗ ಅದು ನೆಲಕ್ಕೆ ತಾಗುವುದಿಲ್ಲ. ಜೋರಾಗಿ ಓಡಿ ಗಕ್ಕನೆ ನಿಂತಾಗ, ಇಲ್ಲವೇ ಓಡುತ್ತಲೇ ತಿರುಗಿದಾಗ ಮಾತ್ರ ಕಾಲು ಬಾಗಿ ಅದು ನೆಲಕ್ಕೆ ಉಜ್ಜುತ್ತದೆ. ನಾನು ಅದಕ್ಕೆ ಬ್ರೇಕ್ ಮೆತ್ತೆ ಅಂತ ಹೆಸರಿಟ್ಟಿದ್ದೇನೆ.

ಕರಿಯನ ಎರಡೂ ಮುಂಗಾಲಿನ ಬ್ರೇಕ್ ಮೆತ್ತೆ ಕೆತ್ತಿಹೋಗಿತ್ತು. ದೊಡ್ಡ ಮೆತ್ತೆಯ ಹಿಂದಿನ ಅಂಚಿನಲ್ಲಿ ಚರ್ಮ ಸಿಪ್ಪೆಯ ಹಾಗೆ ಎದ್ದಿತ್ತು. ಹಿಂಗಾಲು ಪೂರ್ತಿ ಚೆನ್ನಾಗಿತ್ತು. ಇಷ್ಟು ಕಂಡ ಮೇಲೆ ಅರ್ಧ ಉತ್ತರ ಸಿಕ್ಕ ಹಾಗೆ. ಈ ನಾಯಿ ನಡೆದು ಸವೆಸಿಕೊಂಡದ್ದಲ್ಲ, ಬ್ರೇಕ್ ಹಾಕಿ ಸವೆಸಿಕೊಂಡದ್ದು.

ಇದಕ್ಕೆ ಹೊಂದದ ಗುರುತು ಕಂಡರೆ ಬೇರೆ ದಾರಿಯಲ್ಲಿ ಯೋಚಿಸಬೇಕು. ಒಂದೇ ಒಂದು ಪಾದ, ಅದರಲ್ಲೂ ಒಂದೇ ಜಾಗದಲ್ಲಿ ನೋವು ಅಂದರೆ ಮುಳ್ಳು, ಗಾಜು ಅಥವಾ ಒಡೆದ ಉಗುರು ಇರಬಹುದು. ಮೆತ್ತೆ ಚೆನ್ನಾಗಿದ್ದು ಬೆರಳ ಸಂದಿ ಕೆಂಪಾಗಿದ್ದರೆ ಮೊದಲು ಉಣ್ಣಿ ಹುಡುಕಿ. ಸಂದಿಯಲ್ಲಿ ಮೆಣಸಿನ ಕಾಳಿನ ಹಾಗೆ ಕೂತಿರುತ್ತದೆ. ನಾಲ್ಕೂ ಪಾದವನ್ನು ದಿನವಿಡೀ ನೆಕ್ಕುತ್ತಿದೆ, ಕೂದಲು ಕಂದು ಬಣ್ಣಕ್ಕೆ ತಿರುಗಿದೆ, ಹುಳಿ ವಾಸನೆ ಬರುತ್ತಿದೆ ಅಂದರೆ ಅಲರ್ಜಿ ಅಥವಾ ಬೂಷ್ಟಿನ ಜಾತಿಯ ಸೋಂಕಿನ ಕಡೆ ಬೆರಳು ತೋರಿಸುತ್ತದೆ. ಆ ನಾಯಿಗೆ ನೀವು ಅಂಗಳಕ್ಕೆಲ್ಲ ಹತ್ತಿ ಹಾಸಿದರೂ ನೆಕ್ಕುವುದು ನಿಲ್ಲುವುದಿಲ್ಲ. ಉಗುರಿನ ಮೇಲ್ಭಾಗ ಸವೆದಿದ್ದರೆ ನಾಯಿ ಕಾಲು ಎಳೆದು ನಡೆಯುತ್ತಿದೆ ಅಂತ ಅರ್ಥ, ಅದು ಬೆನ್ನಿನ ಅಥವಾ ನರದ ತೊಂದರೆ ಇರಬಹುದು. ಮೆತ್ತೆ ಗಟ್ಟಿಯಾಗಿ ಹಲಗೆಯ ಹಾಗಾಗಿ, ಜೊತೆಗೆ ಜ್ವರ, ಮೂಗು ಸೋರುವುದು ಇದ್ದರೆ ಡಿಸ್ಟೆಂಪರ್ ಅನ್ನುವ ನಾಯಿಗಳ ವೈರಸ್ ರೋಗ ಕೂಡ ಆಗಿರಬಹುದು. ಇವೆಲ್ಲ ಪಶುವೈದ್ಯರು ನೋಡಬೇಕಾದವು. ಇಲ್ಲಿ ಓದುವುದನ್ನು ನಿಲ್ಲಿಸಿ ಅಲ್ಲಿಗೆ ಹೋಗಿ.

ಇನ್ನೊಂದು ನಾಯಿ ನಮ್ಮ ಬ್ರೂನೊ. ಒಂಬತ್ತು ವರ್ಷದ ಲ್ಯಾಬ್, 38 ಕೆಜಿ, ಓಡುವ ವಿಷಯವೇ ಇಲ್ಲ. ಅವನ ಪಾದ ಮಗುವಿನ ಪಾದದ ಹಾಗಿತ್ತು. ಆದರೆ ಮೊಣಕೈ ನೋಡಿದರೆ ಕೂದಲು ಉದುರಿ, ಚರ್ಮ ಆನೆಯ ಚರ್ಮದ ಹಾಗೆ ದಪ್ಪಗಾಗಿತ್ತು. ಅದೇ ಅಂಗಳ, ಅದೇ ಕಾಂಕ್ರೀಟ್. ಆದರೆ ಒಬ್ಬನಿಗೆ ಬೇಕಾದದ್ದು ಉಜ್ಜದ ನೆಲ, ಇನ್ನೊಬ್ಬನಿಗೆ ಬೇಕಾದದ್ದು ಹಾಸಿಗೆ. ಇದು ಗೊತ್ತಾಗದೇ ಹೋಗಿದ್ದರೆ ಇಬ್ಬರಿಗೂ ಒಂದೇ ಔಷಧಿ ಮಾಡುತ್ತಿದ್ದೆ.

ಯಾವ ಹೊತ್ತಿಗೆ ನೋಯುತ್ತದೆ

ಮೂರು ದಿನ ಒಂದು ಹಾಳೆಯಲ್ಲಿ ಬರೆದಿಡಿ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟ ಆದರೂ ಸಾಕು.

ಮಧ್ಯಾಹ್ನ ಮಾತ್ರ ಕಾಲು ಎತ್ತೆತ್ತಿ ಇಡುತ್ತಿದ್ದರೆ ಅದು ಒರಟಿನ ತೊಂದರೆ ಅಲ್ಲ, ಬಿಸಿಯದು. ನಿಮ್ಮ ಕೈಯ ಹಿಂಭಾಗವನ್ನು ನೆಲಕ್ಕೆ ಒತ್ತಿ ಏಳು ಎಣಿಸಿ. ಅಷ್ಟು ಹೊತ್ತು ಇಡಲಾಗದಿದ್ದರೆ ನಾಯಿಗೂ ಆಗುವುದಿಲ್ಲ. ನಮ್ಮ ಕಡೆ ಮಾರ್ಚ್ ಕೊನೆಯಿಂದಲೇ ಹನ್ನೆರಡು ಗಂಟೆಗೆ ಈ ಪರೀಕ್ಷೆಯಲ್ಲಿ ಅಂಗಳ ಫೇಲ್.

ಅಂಗಳ ತೊಳೆದ ದಿನ ಮಾತ್ರ ಜಾಸ್ತಿ ನೆಕ್ಕುತ್ತಿದ್ದರೆ ಫಿನಾಯಿಲ್ ಅಥವಾ ಬ್ಲೀಚಿಂಗ್ ಪುಡಿಯ ಮೇಲೆ ಅನುಮಾನ ಪಡಿ.

ಮಳೆಯಲ್ಲಿ, ಅಥವಾ ಸ್ನಾನ ಮಾಡಿಸಿದ ಮೇಲೆ ಜಾಸ್ತಿಯಾದರೆ ಅದಕ್ಕೂ ಕಾರಣ ಇದೆ. ಬಟ್ಟೆ ಒಗೆದ ಮೇಲೆ ನಮ್ಮ ಬೆರಳ ತುದಿ ಮೆತ್ತಗಾಗುತ್ತದಲ್ಲ, ನಾಯಿಯ ಮೆತ್ತೆಯೂ ಹಾಗೇ. ಒಣಗಿದ್ದಾಗ ತಡೆದುಕೊಳ್ಳುವ ಅದೇ ನೆಲ, ನೆಂದ ಮೆತ್ತೆಯನ್ನು ಬೇಗ ಸುಲಿಯುತ್ತದೆ. ಸ್ನಾನ ಆದ ತಕ್ಷಣ ನಾಯಿಗಳಿಗೆ ಒಂದು ಹುಚ್ಚು ಓಟ ಬರುತ್ತದೆ. ಅದು ಒರಟು ಕಾಂಕ್ರೀಟ್ ಮೇಲೆ ಆಗದ ಹಾಗೆ ನೋಡಿಕೊಂಡರೆ ಅರ್ಧ ಗಾಯ ತಪ್ಪುತ್ತದೆ. ನಾವು ಈಗ ಒರೆಸಿ, ಒಳಗೆ ಅರ್ಧ ಗಂಟೆ ಕೂಡಿಹಾಕಿ, ಆಮೇಲೆ ಬಿಡುತ್ತೇವೆ. ಒಳಗಿನ ದಿಂಬುಗಳ ಕತೆ ಕೇಳಬೇಡಿ.

ನೆಲದ ಪರೀಕ್ಷೆ: ಹಳೇ ಕಾಲುಚೀಲ, ಬೀಗದ ಕೈ, ಒಂದು ಚೊಂಬು ನೀರು

ಹಳೇ ನೈಲಾನ್ ಕಾಲುಚೀಲವನ್ನು ಕೈಗೆ ಹಾಕಿಕೊಂಡು ನೆಲದ ಮೇಲೆ ಸವರಿ. ಒತ್ತಬೇಡಿ, ಬೆಕ್ಕಿನ ಬೆನ್ನು ಸವರಿದ ಹಾಗೆ. ಎಳೆ ಸಿಕ್ಕಿಕೊಂಡರೆ ಅಲ್ಲಿ ಮೊನೆ ಇದೆ. ಸಿಕ್ಕಿಕೊಳ್ಳದೆ ಕರಕರ ಅಂದರೆ ಒರಟು ಇದೆ, ಆದರೆ ಮೊನೆ ಇಲ್ಲ. ಅದು ನಾಯಿಗೆ ತೊಂದರೆ ಕೊಡುವುದು ಕಡಿಮೆ. ಅಂಗಡಿಯ ಯಾವ ಉಪಕರಣಕ್ಕಿಂತ ಈ ಕಾಲುಚೀಲ ನನಗೆ ಜಾಸ್ತಿ ಹೇಳಿಕೊಟ್ಟಿತು.

ಆಮೇಲೆ ಬೀಗದ ಕೈಯಿಂದ ಗಟ್ಟಿಯಾಗಿ ಗೀಚಿ. ಬರೀ ಬಿಳಿ ಗೆರೆ ಬಿದ್ದರೆ ಕಾಂಕ್ರೀಟ್ ಗಟ್ಟಿಯಾಗಿದೆ, ಉಜ್ಜಿದರೆ ಸರಿಹೋಗುತ್ತದೆ. ಪುಡಿ ಎದ್ದು ಗುಂಡಿ ಬಿದ್ದರೆ ಮೇಲ್ಪದರವೇ ಸತ್ತಿದೆ. ಕಲಸುವಾಗ ನೀರು ಜಾಸ್ತಿ ಹಾಕಿದ್ದಾರೆ, ಅಥವಾ ಕ್ಯೂರಿಂಗ್ ಮಾಡಿಲ್ಲ, ಅಂದರೆ ಗಟ್ಟಿಯಾಗುವವರೆಗೆ ನೀರು ಹಾಕಿ ಒದ್ದೆ ಇಟ್ಟಿಲ್ಲ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿಯಂಥದ್ದು ಬೆರೆಸಿದ ಪಿಪಿಸಿ ಸಿಮೆಂಟಿಗೆ 10 ದಿನ ನೆಲ ಒದ್ದೆಯಾಗಿರಬೇಕು. ಈಗ ಮನೆ ಕೆಲಸಕ್ಕೆ ಬರುವುದು ಹೆಚ್ಚಾಗಿ ಪಿಪಿಸಿಯೇ. ಆದರೆ ಅಂಗಳಕ್ಕೆ ಹತ್ತು ದಿನ ನೀರು ಹಾಕಿದವರನ್ನು ನಾನು ನೋಡಿಲ್ಲ. ಮನೆಯ ತಾರಸಿಗೆ ನೀರು ಕಟ್ಟಿ ನಿಲ್ಲಿಸುತ್ತಾರೆ, ಅಂಗಳಕ್ಕೆ ಎರಡು ದಿನ ಪೈಪು ಹಿಡಿದರೆ ಮುಗಿಯಿತು.

ಕೊನೆಗೆ ನೀರು ಸುರಿಯಿರಿ. ನೀರು ಹರಿದುಹೋದ ಮೇಲೆ ಜಲ್ಲಿಯ ತಲೆಗಳು ದ್ವೀಪದ ಹಾಗೆ ಎದ್ದು ಕಂಡರೆ ಮೇಲಿನ ಸಿಮೆಂಟ್ ಕಿತ್ತುಹೋಗಿ ಜಲ್ಲಿ ಹೊರಗೆ ಬಂದಿದೆ ಅಂತ ಗೊತ್ತಾಗುತ್ತದೆ. ಇದಕ್ಕೆ ಉಜ್ಜುವುದು ಸಾಲುವುದಿಲ್ಲ, ಸಂದಿ ತುಂಬಬೇಕು.

ಎಂ-ಸ್ಯಾಂಡ್ ಬಗ್ಗೆ ಒಂದು ಮಾತು. ಹೊಳೆ ಮರಳು ನೀರಲ್ಲಿ ಉರುಳಿ ಉರುಳಿ ಗುಂಡಗಾಗಿರುತ್ತದೆ. ಎಂ-ಸ್ಯಾಂಡ್ ಅಂದರೆ ಕಲ್ಲು ಒಡೆದು ಮಾಡಿದ್ದು, ಕಾಳಿಗೆ ಮೂಲೆ ಇರುತ್ತದೆ. ಗಟ್ಟಿತನಕ್ಕೆ ಅದರಲ್ಲಿ ಏನೂ ತೊಂದರೆ ಇಲ್ಲ. ಆದರೆ ಮೇಲ್ಪದರ ಸವೆದು ಕಾಳು ಹೊರಗೆ ಬಂದಾಗ ಅದು ಮರಳು ಕಾಗದದ ಹಾಗೆ ವರ್ತಿಸುತ್ತದೆ. ಹೊಳೆ ಮರಳಿನ ಕಾಲದ ಹಳೇ ಅಂಗಳಗಳು ಸವೆದರೂ ಕಾಲಿಗೆ ಅಷ್ಟು ಚುಚ್ಚದೇ ಇರುವುದಕ್ಕೆ ಇದೂ ಒಂದು ಕಾರಣ.

ಎಲ್ಲಿ ಉಜ್ಜುತ್ತದೆ: ಅಕ್ಕಿ ಹಿಟ್ಟಿನ ನಕ್ಷೆ

ಇಡೀ ಕೆಲಸದಲ್ಲಿ ದುಡ್ಡು ಉಳಿಸಿದ್ದು ಈ ಹಂತ. ಸಂಜೆ ಗೇಟಿನ ಮುಂದೆ, ಕಾಂಪೌಂಡಿನ ಒಳಗೇ ಮನೆ ಪಕ್ಕದ ಓಣಿಯ ತಿರುವಿನಲ್ಲಿ, ತೊಟ್ಟಿಯ ಹತ್ತಿರ ಜರಡಿಯಿಂದ ತೆಳ್ಳಗೆ ಅಕ್ಕಿ ಹಿಟ್ಟು ಉದುರಿಸಿದೆ. ಕಲ್ಲಿನ ರಂಗೋಲಿ ಪುಡಿ ಬೇಡ, ನೆಕ್ಕಿದರೆ ಹೊಟ್ಟೆಗೆ ಹೋಗುತ್ತದೆ. ಅಕ್ಕಿ ಹಿಟ್ಟಾದರೆ ಇರುವೆ ಬರುತ್ತದೆ ಅನ್ನುವುದಷ್ಟೇ. ಪಕ್ಕದ ಮನೆ ಅಜ್ಜಿ ಕಾಂಪೌಂಡಿನ ಮೇಲಿಂದ ಇಣುಕಿ, "ಏನಮ್ಮಾ, ಸಂಜೆ ಹೊತ್ತಲ್ಲಿ ಎಳೆ ಇಲ್ಲದ ರಂಗೋಲಿ?" ಅಂದರು. ನಾಯಿಗೆ ಅಂದೆ. ಅವರು ಮುಂದೆ ಏನೂ ಕೇಳಲಿಲ್ಲ.

ಬೆಳಿಗ್ಗೆ ನೋಡಿದರೆ ಎಲ್ಲ ಬರೆದಿಟ್ಟ ಹಾಗಿತ್ತು. ಓಣಿಯಲ್ಲಿ ದುಂಡಗಿನ ಹೆಜ್ಜೆ, ಅಂದರೆ ಅಲ್ಲಿ ಓಡಿದರೂ ಕಾಲು ಜಾರುತ್ತಿಲ್ಲ. ಗೇಟಿನಿಂದ ಮೂರು ಅಡಿ ದೂರದಲ್ಲಿ ಮಾತ್ರ ಒಂದು ಗೇಣು ಉದ್ದದ ಎಳೆತ, ಒಂದರ ಮೇಲೊಂದು. ತಿರುವಿನಲ್ಲಿ ಬಿಲ್ಲಿನ ಹಾಗೆ ಬಾಗಿದ ಗುರುತು. ಸೀಮೆಸುಣ್ಣದಿಂದ ಸುತ್ತು ಹಾಕಿ ಅಳತೆ ಮಾಡಿದೆ. ಗೇಟಿನ ಹತ್ತಿರ 24 ಚದರ ಅಡಿ, ತಿರುವಿನಲ್ಲಿ 11. ಅಷ್ಟೇ.

ಕಾರಣವೂ ಗೊತ್ತಾಯಿತು. ಬೆಳಿಗ್ಗೆ ಹಾಲಿನವರು, ಪೇಪರಿನ ಹುಡುಗ, ಹತ್ತು ಗಂಟೆಗೆ ಹಳೇ ಕಬ್ಬಿಣದವರ ಕೂಗು, ಸಂಜೆ ಎದುರು ಮನೆಯ ಸ್ಕೂಟರು. ಪ್ರತಿಯೊಂದಕ್ಕೂ ಕರಿಯ ಹಿಂದಿನಿಂದ ರಾಕೆಟ್ಟಿನ ಹಾಗೆ ಬಂದು ಗೇಟಿನ ಮುಂದೆ ನಾಲ್ಕೂ ಕಾಲು ಊರಿ ನಿಲ್ಲುತ್ತಾನೆ. ಒಂದು ದಿನ ಎಣಿಸಿದೆ, ಮೂವತ್ತೊಂದು ಸಲ.

ಹಾಗಾಗಿ ಮೊದಲ ರಿಪೇರಿ ನೆಲಕ್ಕಲ್ಲ, ಗೇಟಿಗೆ. ಗೇಟಿನ ಸರಳುಗಳಿಗೆ ಒಳಗಡೆಯಿಂದ ಮೂರೂವರೆ ಅಡಿ ಎತ್ತರಕ್ಕೆ ಹಸಿರು ಶೇಡ್ ನೆಟ್ ಎರಡು ಮಡಿಕೆ ಮಾಡಿ ಕಟ್ಟಿದೆ. ರಸ್ತೆ ಕಾಣದಿದ್ದರೆ ಅರ್ಧ ಕಿತಾಪತಿ ಕಡಿಮೆ. ಶಬ್ದಕ್ಕೆ ಈಗಲೂ ಓಡುತ್ತಾನೆ, ಸುಮ್ನೆ ಹೋಗುವವರಿಗೆ ಓಡುವುದಿಲ್ಲ. ಮತ್ತೆ ಎಣಿಸಿದ ದಿನ ಹದಿಮೂರಕ್ಕೆ ಇಳಿದಿತ್ತು.

ಉಜ್ಜುವುದು

ಗಟ್ಟಿ ಕಾಂಕ್ರೀಟಿಗೆ ಇದಕ್ಕಿಂತ ಅಗ್ಗದ, ಬಾಳಿಕೆ ಬರುವ ಉಪಾಯ ನನಗೆ ಗೊತ್ತಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ನೆಲ ಉಜ್ಜುವ ಕಾರ್ಬೊರಂಡಮ್ ಕಲ್ಲು ಅಂತ ಕೇಳಿ. ಮೊಸಾಯಿಕ್ ಕಾಲದ ವಸ್ತು, ಇನ್ನೂ ಸಿಗುತ್ತದೆ. ಒಂದು ಒರಟು, ಒಂದು ನಯ, ಎರಡು ತನ್ನಿ. ನನಗೆ ಎರಡೂ ಸೇರಿ 280 ರೂಪಾಯಿ ಆಯಿತು.

ನೆಲ ಗುಡಿಸಿ, ನೀರು ಹಾಕಿ, ಒರಟು ಕಲ್ಲಿನಿಂದ ದೋಸೆ ಹುಯ್ದ ಹಾಗೆ ಸುತ್ತು ಸುತ್ತಾಗಿ ಉಜ್ಜಿ. ಮೈಭಾರ ಹಾಕಿ ಒತ್ತಬೇಡಿ, ಕಲ್ಲು ತಾನೇ ಕೊರೆಯುತ್ತದೆ. ನೀರು ಒಣಗಲು ಬಿಡಬೇಡಿ. ಒಣಗಿಸಿ ಉಜ್ಜಿದರೆ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶದಲ್ಲಿ ಕೂತರೆ ಹೊರಗೆ ಬರುವುದಿಲ್ಲ. ಒಂದು ಚದರ ಅಡಿಗೆ ನನಗೆ ಹತ್ತು ನಿಮಿಷ ಹಿಡಿಯಿತು. ಮೂರು ಭಾನುವಾರದ ಬೆಳಗಿನ ಕೆಲಸ. ಮೊದಲನೇ ಭಾನುವಾರ ಕುಕ್ಕರುಗಾಲಲ್ಲಿ ಕೂತು ಮಾಡಿ ಸೋಮವಾರ ಮೆಟ್ಟಿಲು ಇಳಿಯಲಾಗಲಿಲ್ಲ. ಎರಡನೇ ವಾರದಿಂದ ಮಣೆ ಹಾಕಿಕೊಂಡೆ.

ಎಲ್ಲಿಗೆ ನಿಲ್ಲಿಸಬೇಕು ಅನ್ನುವುದೇ ಮುಖ್ಯ. ಗೀರಿನ ತಲೆ ಹೋಗಬೇಕು, ಗೀರು ಹೋಗಬಾರದು. ಕಾಲುಚೀಲ ಸವರಿದಾಗ ಎಳೆ ಸಿಕ್ಕಿಕೊಳ್ಳದಿದ್ದರೆ ಸಾಕು, ಅಲ್ಲಿಗೆ ಬಿಡಿ. ಇನ್ನೂ ನಯ ಮಾಡೋಣ ಅಂತ ಹಠ ಹಿಡಿದರೆ ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ. ಜಾರಿ ಬಿದ್ದರೆ ಬ್ರೂನೊನಂಥ ವಯಸ್ಸಾದ, ಭಾರದ ನಾಯಿಗೆ ಸೊಂಟದ ಪೆಟ್ಟು. ಅದು ಪಾದದ ಗಾಯದ ಹಾಗೆ ಕೆಲವು ವಾರದಲ್ಲಿ ಮಾಯುವಂಥದ್ದಲ್ಲ. ಮೇಸ್ತ್ರಿ ಹೇಳಿದ ಕನ್ನಡಿ ನಮಗೆ ಬೇಕಿರಲಿಲ್ಲ. ನೀರು ಚೆಲ್ಲಿ ನೀವೇ ಬರಿಗಾಲಲ್ಲಿ ನಡೆದು ನೋಡಿ, ನಿಮ್ಮ ಕಾಲು ಹಿಡಿದರೆ ನಾಯಿಯದೂ ಹಿಡಿಯುತ್ತದೆ.

ಉಜ್ಜುವಾಗ ಬರುವ ಬೂದು ರಾಡಿಯನ್ನು ಮೊರದಿಂದ ಎತ್ತಿ ಬಕೆಟ್ಟಿಗೆ ಹಾಕಿ. ಮೋರಿಗೆ ಬಿಟ್ಟರೆ ಅಲ್ಲಿ ಕೂತು ಗಟ್ಟಿಯಾಗುತ್ತದೆ. ನಾಯಿ ಅದನ್ನು ತುಳಿದು ನೆಕ್ಕಲೂ ಬಾರದು. ಎಲ್ಲ ತೊಳೆದು ಒಣಗುವವರೆಗೂ ಅವುಗಳನ್ನು ಒಳಗಿಡಿ.

ಜಾಗ ನೂರು ಚದರ ಅಡಿ ಮೀರಿದರೆ ಕೈಯಲ್ಲಿ ಮಾಡುವ ಹಠ ಬೇಡ. ಮೊಸಾಯಿಕ್ ಪಾಲಿಶ್ ಮಾಡುವವರ ಹತ್ತಿರ ಮೆಷಿನ್ ಇರುತ್ತದೆ, ಅದು ನೀರಿನಲ್ಲೇ ಕೆಲಸ ಮಾಡುತ್ತದೆ. ಒರಟು ಕಲ್ಲು ಹಾಕಿ ಒಂದೇ ಸುತ್ತು ಹೊಡೆಯಿರಿ ಅನ್ನಿ. ಅವರು ಅಭ್ಯಾಸ ಬಲದಿಂದ ಹೊಳಪು ತರಲು ಹೊರಡುತ್ತಾರೆ, ಪಕ್ಕದಲ್ಲೇ ನಿಂತಿರಬೇಕು. ಕೈಯಲ್ಲಿ ಹಿಡಿಯುವ ಗ್ರೈಂಡರ್‌ಗೆ ಡೈಮಂಡ್ ಚಕ್ರ ಹಾಕಿಯೂ ಮಾಡುತ್ತಾರೆ. ಬೇಗ ಆಗುತ್ತದೆ ನಿಜ, ಆದರೆ ಒಣಗಿಸಿ ಮಾಡಿದರೆ ಧೂಳು, ನೀರು ಹಾಕಿದರೆ ಕರೆಂಟಿನ ಭಯ. ನಾನಂತೂ ಒಪ್ಪಲಿಲ್ಲ.

ಅರ್ಧ ಇಂಚು ಗಾರೆ ಯಾಕೆ ಬೇಡ

ಎದುರು ಬೀದಿಯ ಮನೆಯೊಂದರಲ್ಲಿ ಹೀಗೇ ಮಾಡಿಸಿದ್ದರು. ಮೊದಲ ಮೂರು ತಿಂಗಳು ನೋಡಲು ಚಂದ. ಒಂದು ಮಳೆಗಾಲ ಕಳೆದ ಮೇಲೆ ಅಲ್ಲಲ್ಲಿ ತಟ್ಟಿದರೆ ಟೊಳ್ಳು ಶಬ್ದ, ಆಮೇಲೆ ಹಪ್ಪಳದ ಹಾಗೆ ಎದ್ದು ಬಂತು. ಎದ್ದ ಹಪ್ಪಳದ ಅಂಚು ಹಳೇ ಕಾಂಕ್ರೀಟಿಗಿಂತ ಹರಿತ.

ಕಾರಣ ಕಷ್ಟದ್ದೇನಲ್ಲ. ತೆಳು ಪದರ ಬಿಸಿಲಿಗೆ ಬೇಗ ಒಣಗಿ ಕುಗ್ಗುತ್ತದೆ. ಕೆಳಗಿನದು ಆಗಲೇ ಕುಗ್ಗಿ ಮುಗಿದಿದೆ, ಅದು ಅಲುಗುವುದಿಲ್ಲ. ನಡುವೆ ಧೂಳು, ಪಾಚಿ, ಕಾರಿನ ಎಣ್ಣೆ. ಹಿಡಿತ ಬಿಟ್ಟು ಎದ್ದೇಳುತ್ತದೆ. ಬರೀ ಸಿಮೆಂಟ್ ತಿಳಿ ಬಳಿಯುವುದು ಇನ್ನೂ ದಂಡ, ಅದು ಪೊರೆಯಾಗಿ ಉದುರುತ್ತದೆ.

ಆದರೆ ಬೀಗದ ಕೈ ಪರೀಕ್ಷೆಯಲ್ಲಿ ಪುಡಿ ಎದ್ದ ಜಾಗಕ್ಕೆ, ಜಲ್ಲಿ ಹೊರಗೆ ಬಂದ ಜಾಗಕ್ಕೆ ತೇಪೆ ಹಾಕಲೇಬೇಕು. ಆಗ ಹಳೇ ಕಾಂಕ್ರೀಟಿಗೆ ಹೊಸ ಗಾರೆ ಅಂಟಿಸುವ, ಎಸ್‌ಬಿಆರ್ ಲೇಟೆಕ್ಸ್ ಅಂತ ಬರುವ ಹಾಲಿನಂಥ ದ್ರವ ತರಬೇಕು, ಸಣ್ಣ ಡಬ್ಬಿ ಸಾಕು. ತಂತಿ ಬ್ರಷ್ಷಿನಿಂದ ಸಡಿಲು ಪುಡಿಯೆಲ್ಲ ತೆಗೆದು ತೊಳೆಯಿರಿ. ನೆಲ ಒದ್ದೆ ಇರಬೇಕು, ನೀರು ನಿಂತಿರಬಾರದು. ಲೇಟೆಕ್ಸಿನಲ್ಲಿ ಸಿಮೆಂಟ್ ಕಲಸಿ ಮೊದಲು ಬ್ರಷ್ಷಿನಲ್ಲಿ ಬಳಿದು, ಅದು ಒಣಗುವ ಮುಂಚೆಯೇ ನಯವಾಗಿ ಜರಡಿ ಹಿಡಿದ ಮರಳಿನ ಗಾರೆ ಒತ್ತಿ. ಕೊನೆಗೆ ಕಬ್ಬಿಣದ ಕರಣೆ ಎಳೆಯಬೇಡಿ, ಮರದ ಹಲಗೆಯಲ್ಲಿ ಸವರಿ ಬಿಡಿ. ಮರ ಕೊಡುವ ಮಂದ ಒರಟೇ ನಾಯಿಯ ಕಾಲಿಗೆ ಸರಿ. ಅಳತೆ, ಒಣಗುವ ಸಮಯ ಡಬ್ಬಿಯ ಮೇಲೆ ಬರೆದ ಹಾಗೆ ಮಾಡಿ, ಒಂದೊಂದು ಕಂಪನಿಯದು ಒಂದೊಂದು ತರ ಇರುತ್ತದೆ.

ಹಸಿ ಸಿಮೆಂಟಿನ ಹತ್ತಿರ ನಾಯಿಯನ್ನು ಬಿಡಲೇಬೇಡಿ. ಅದರ ಪಿಎಚ್ 12ರಿಂದ 13, ಸುಣ್ಣದ ಹಾಗೆ ಸುಡುತ್ತದೆ. ತುಳಿದರೆ ಕೂಡಲೇ ಧಾರಾಳವಾಗಿ ನೀರು ಹಾಕಿ ತೊಳೆಯಿರಿ.

ಹಾಸುವುದು

ಬ್ರೂನೊಗೆ ಬೇಕಾದದ್ದು ಇದು. ಹೈನುಗಾರಿಕೆ ಮಾಡುವವರು ಕೊಟ್ಟಿಗೆಯಲ್ಲಿ ಹಾಸುವ ರಬ್ಬರ್ ಕೌ ಮ್ಯಾಟ್ ಇದೆಯಲ್ಲ, ನಾಯಿಗೆ ಅದಕ್ಕಿಂತ ಒಳ್ಳೆಯದು ಬೇಡ. ಹಸುವಿನ ಭಾರಕ್ಕೆ ಮಾಡಿದ್ದು, ನಾಯಿ ಕಡಿದರೂ ಬೇಗ ಹರಿಯುವುದಿಲ್ಲ. ಇಬ್ಬರು ಹಿಡಿದು ಎತ್ತುವಷ್ಟು ಭಾರ, ಹಾಗಾಗಿ ಜರುಗುವುದಿಲ್ಲ. ಹಸು ಮಾರಿ ಕೊಟ್ಟಿಗೆ ಖಾಲಿ ಮಾಡಿದವರ ಹತ್ತಿರ ಹಳೆಯದು ಒಂದು 1,000 ರೂಪಾಯಿಗೆ ಸಿಕ್ಕಿತು. ಸೋಪಿನ ನೀರಲ್ಲಿ ಉಜ್ಜಿ ಒಂದು ವಾರ ಬಿಸಿಲಿಗೆ ಹಾಕಿದೆ. ಮೂಲೆಗೆ ಕೂರುವ ಹಾಗೆ ಕತ್ತರಿಸಬೇಕಾದರೆ ಚಾಕುವಿಗೆ ಸೋಪಿನ ನೀರು ಹಚ್ಚಿಕೊಂಡು ಕುಯ್ಯಿರಿ, ಬೆಣ್ಣೆಯ ಹಾಗೆ ಅಲ್ಲದಿದ್ದರೂ ಸುಲಭವಾಗಿ ಹೋಗುತ್ತದೆ.

ಆದರೆ ಕಪ್ಪು ರಬ್ಬರ್ ಬಿಸಿಲಲ್ಲಿ ಕಾವಲಿ. ನೆರಳಿರುವ ಕಡೆ ಮಾತ್ರ. ಗೇಟಿನ ಹತ್ತಿರ ಮ್ಯಾಟ್ ಹಾಕದೆ ಉಜ್ಜಿದ್ದಕ್ಕೆ ಇದೇ ಕಾರಣ.

ಮ್ಯಾಟಿನ ಕೆಳಗೆ ಉಣ್ಣಿ ಸೇರುತ್ತದೆ. ನಾಯಿಯ ಮೇಲೆ ಕಾಣುವ ಉಣ್ಣಿ ಸ್ವಲ್ಪ, ಗೋಡೆ ಬಿರುಕಿನಲ್ಲಿ, ಹಾಸಿನ ಅಡಿಯಲ್ಲಿ ಇರುವುದು ಜಾಸ್ತಿ. ಹದಿನೈದು ದಿನಕ್ಕೊಮ್ಮೆ ಎತ್ತಿ ಗುಡಿಸಿ ಒಣಗಿಸಬೇಕು. ಗೋಣಿಚೀಲ ಬಿಟ್ಟಿ ಸಿಗುತ್ತದೆ, ಬೇಸಿಗೆಗೆ ಪರವಾಗಿಲ್ಲ. ಮಳೆಯಲ್ಲಿ ನೆಂದರೆ ವಾಸನೆ, ಬೂಷ್ಟು. ತೆಂಗಿನ ನಾರಿನ ಹಾಸು ನೀರು ಸೋಸುತ್ತದೆ, ಆದರೆ ಮರಿನಾಯಿ ಇದ್ದರೆ ಎರಡು ದಿನದಲ್ಲಿ ಕಿತ್ತು ತಿನ್ನುತ್ತದೆ. ಹಳೇ ಫ್ಲೆಕ್ಸ್ ಬ್ಯಾನರ್ ಹಾಸುವವರೂ ಇದ್ದಾರೆ. ಒದ್ದೆಯಾದರೆ ಐಸಿನ ಹಾಗೆ ಜಾರುತ್ತದೆ, ಬೇಡ. ಪ್ಲಾಸ್ಟಿಕ್ ಹುಲ್ಲಿನ ಹಾಸು ಫೋಟೋಗೆ ಚೆಂದ. ಬಿಸಿಲಿಗೆ ನಿಜವಾದ ಹುಲ್ಲಿಗಿಂತ ಎಷ್ಟೋ ಜಾಸ್ತಿ ಕಾಯುತ್ತದೆ, ಉಚ್ಚೆ ಹಿಡಿದಿಟ್ಟುಕೊಳ್ಳುತ್ತದೆ. ಸಗಣಿ ಸಾರಿಸಿ ನೋಡಿ ಅಂತ ಅಜ್ಜಿ ಹೇಳಿದರು. ಮಣ್ಣಿನ ನೆಲಕ್ಕೆ ಅದು ಹಿಡಿಯುತ್ತದೆ, ಕಾಂಕ್ರೀಟಿನ ಮೇಲೆ ಎರಡು ದಿನಕ್ಕೆ ಹುಡಿಯಾಗಿ ಎದ್ದುಹೋಯಿತು.

ಬಿಸಿಗೆ

ಎರಡು ಬಿದಿರು, ಕಾಂಪೌಂಡಿನ ಎರಡು ಮೊಳೆ, ಮೇಲೆ ತೆಂಗಿನ ಗರಿ. ಚಪ್ಪರ ಹಾಕಲು ಇದಕ್ಕಿಂತ ಬೇಕಿಲ್ಲ. ಸೋಗೆಯ ಕೆಳಗೆ ಗಾಳಿಯಾಡುತ್ತದೆ. ತಗಡಿನ ಶೀಟಿನ ಕೆಳಗೆ ಸೆಕೆ. ಮಧ್ಯಾಹ್ನದ ಸೂರ್ಯ ನೋಡಿ ಜಾಗ ಆರಿಸಿ, ಬೆಳಗಿನ ನೆರಳು ಲೆಕ್ಕಕ್ಕಿಲ್ಲ. ಬಿಸಿ ತಗ್ಗಲಿ ಅಂತ ನೆಲಕ್ಕೆ ಸುಣ್ಣ ಬಳಿಯಬೇಡಿ. ತಾರಸಿಗೆ ಸರಿ, ನಾಯಿ ನಡೆದು ಕಾಲು ನೆಕ್ಕುವ ಜಾಗಕ್ಕೆ ಅಲ್ಲ.

ತೊಳೆಯುವುದು, ಪಾದ ಮಾಯುವುದು

ಕಪ್ಪು ಫಿನಾಯಿಲ್ ನಿಲ್ಲಿಸಿ. ಕಲ್ಲಿದ್ದಲ ಟಾರಿನಿಂದ ಬರುವ ಫೀನಾಲ್ ಅದರಲ್ಲಿರುತ್ತದೆ, ಪಾದದಿಂದ ನಾಲಿಗೆಗೆ ಹೋಗುತ್ತದೆ. ಸೋಪಿನ ನೀರು, ಆಮೇಲೆ ಬರೀ ನೀರು ಸಾಕು. ಕಲೆ ತೆಗೆಯಲು ಆಸಿಡ್ ಹಾಕುವುದಂತೂ ಎರಡು ತರ ಕೆಟ್ಟದ್ದು: ನಾಯಿಯ ಕಾಲನ್ನೂ ಸುಡುತ್ತದೆ, ಸಿಮೆಂಟನ್ನೂ ತಿಂದು ಜಲ್ಲಿ ಹೊರಗೆ ತರುತ್ತದೆ. ನಮ್ಮ ತೊಟ್ಟಿಯ ಹತ್ತಿರ ಜಲ್ಲಿ ಎದ್ದಿರುವುದಕ್ಕೆ ಹಿಂದಿನವರ ಆಸಿಡ್ ಬಾಟಲಿಯೇ ಕಾರಣ ಇರಬೇಕು ಅಂತ ನನ್ನ ಗುಮಾನಿ.

ಸವೆದ ಪಾದವನ್ನು ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಸಂದಿ ಸಮೇತ ಒರೆಸಿ ಒಣಗಿಸಿ. ಸಿಪ್ಪೆ ಎದ್ದಿದ್ದರೆ ಕೀಳಬೇಡಿ. ಗಾಯ ಇಲ್ಲದ, ಬರೀ ಒಣಗಿ ಬಿರಿದ ಮೆತ್ತೆಗೆ ರಾತ್ರಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಬಹುದು. ಜಾಸ್ತಿ ಹಚ್ಚಿದರೆ ಮೆತ್ತೆ ಮೃದುವಾಗಿ ಇನ್ನೂ ಬೇಗ ಸವೆಯುತ್ತದೆ. ನೋವಿಗೆ ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೇನ್, ಡೈಕ್ಲೊಫೆನಾಕ್ ಕೊಡಲೇಬೇಡಿ, ನಾಯಿಗೆ ಅವು ವಿಷವಾಗಬಹುದು. ರಕ್ತ ನಿಲ್ಲದಿದ್ದರೆ, ಕೀವು ಬಂದರೆ, ಕಾಲು ಊರದಿದ್ದರೆ, ಮೊಣಕೈಯಲ್ಲಿ ನೀರು ತುಂಬಿದ ಗುಳ್ಳೆಯಂತೆ ಊದಿದರೆ ಆಸ್ಪತ್ರೆಗೆ. ಆ ಊತವನ್ನು ಮನೆಯಲ್ಲಿ ಸೂಜಿ ಚುಚ್ಚಿ ತೆಗೆಯಲು ಹೋಗಬೇಡಿ.

ಗಾಯ ಮಾಯುವವರೆಗೆ ಓಟ ನಿಲ್ಲಬೇಕು. ಕರಿಯನನ್ನು ಹತ್ತು ದಿನ ಹಗ್ಗ ಹಾಕಿಯೇ ಹೊರಗೆ ಕರೆದುಕೊಂಡು ಹೋದೆ. ಅವನಿಗೆ ನನ್ನ ಮೇಲೆ ಸಿಟ್ಟು ಬಂದಿತ್ತು, ಅದು ಬೇರೆ ವಿಷಯ.

ಮತ್ತೆ ನೋಡುವುದು

ಮೂರು ವಾರ ಬಿಟ್ಟು ಅದೇ ಟಾರ್ಚ್, ಅದೇ ಚಪಾತಿ, ಅದೇ ಅಕ್ಕಿ ಹಿಟ್ಟು. ಬ್ರೇಕ್ ಮೆತ್ತೆಯ ಮೇಲೆ ಹೊಸ ಚರ್ಮ ಬಂದಿತ್ತು, ಕಪ್ಪಾಗಲು ಶುರುವಾಗಿತ್ತು. ಬ್ರೂನೊನ ಮೊಣಕೈಯ ದಪ್ಪ ಚರ್ಮ ಹಾಗೇ ಇದೆ, ಒಡೆಯುವುದು ನಿಂತಿದೆ. ಮಧ್ಯಾಹ್ನ ಮ್ಯಾಟ್ ಬಿಟ್ಟು ಏಳುವುದಿಲ್ಲ. ಗೇಟಿನ ಮುಂದೆ ಎಳೆತದ ಗುರುತು ಇನ್ನೂ ಬೀಳುತ್ತದೆ, ಆದರೆ ಕಾಲುಚೀಲಕ್ಕೆ ಏನೂ ಸಿಗುವುದಿಲ್ಲ.

ಹೊಸದೊಂದು ಗುರುತು ಕಂಡಿತು. ತೊಟ್ಟಿಯ ಹಿಂದೆ, ಜಲ್ಲಿ ಎದ್ದ ಜಾಗದಲ್ಲಿ, ಹಿಂಗಾಲಿನದು. ಗೇಟಿಂದ ರಸ್ತೆ ಕಾಣದ ಮೇಲೆ ಕರಿಯ ಅಲ್ಲಿಂದ ಕಾಂಪೌಂಡಿಗೆ ಮುಂಗಾಲು ಹಾಕಿ ನಿಂತು ನೋಡಲು ಕಲಿತಿದ್ದಾನೆ. ನಾಲ್ಕು ಚದರ ಅಡಿ. ಎಸ್‌ಬಿಆರ್ ಡಬ್ಬಿ ತಂದಿಟ್ಟಿದ್ದೇನೆ, ಮಳೆ ಶುರುವಾಗುವ ಮುಂಚೆ ಒಂದು ಭಾನುವಾರ ಬೇಕು.